ಅಣು ತ್ಯಾಜ್ಯವನ್ನು ಹೂಳುವುದು ಹೇಗೆ? ಫಿನ್ಲೆಂಡ್ ಹಿಡಿದ ದಾರಿ

ಉರಿದು ಮುಗಿದ ಅಣು ಇಂಧನವನ್ನು ಲಕ್ಷ ವರ್ಷ ಜೀವಜಗತ್ತಿನಿಂದ ದೂರ ಇಡಬೇಕು. ಹಾಗೆಂದು ಮೊದಲು ಗುಂಡಿ ತೋಡಲು ಹೋಗಬಾರದು. ಫಿನ್ಲೆಂಡ್ ಗುದ್ದಲಿ ಹಿಡಿದದ್ದು ಇಪ್ಪತ್ತು ವರ್ಷ ಕಾಗದಪತ್ರ ನಡೆಸಿದ ಮೇಲೆ.

ಮೊದಲ ಹೆಜ್ಜೆ ಗಡುವು. 2000ದ ಹೊತ್ತಿಗೆ ಜಾಗ ಗೊತ್ತಾಗಬೇಕೆಂದು ಸರ್ಕಾರ 1983ರಲ್ಲೇ ಹೇಳಿತು. ಆಗ ಒಂದು ಸ್ಥಾವರದ ಇಂಧನ ರಷ್ಯಾಕ್ಕೆ ಹೋಗುತ್ತಿತ್ತು. 1994ರ ಕಾನೂನು ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ನಮ್ಮ ಕಸ ನಮ್ಮ ನೆಲದಲ್ಲೇ.

ಎರಡನೆಯದು ದುಡ್ಡು. ಸ್ಥಾವರ ನಡೆಸುವ ಕಂಪನಿಗಳೇ ಸರ್ಕಾರದ ನಿಧಿಗೆ ಮುಂಗಡವಾಗಿ ಕಟ್ಟಬೇಕು.

ಮೂರನೆಯದು ಊರಿನ ಒಪ್ಪಿಗೆ. ನನ್ನ ಮಟ್ಟಿಗೆ ಇಡೀ ನೀತಿಯ ಬೆನ್ನೆಲುಬು ಇದೇ. ಸ್ಥಳೀಯ ಆಡಳಿತ ಬೇಡವೆಂದರೆ ಸರ್ಕಾರವೂ ಮುಂದುವರಿಯುವಂತಿಲ್ಲ. ಹೂಳಲು ಆಯ್ದ ಜಾಗವಿರುವ ಯೂರಾಯೋಕಿಯ ಪುರಸಭೆ 2000ದಲ್ಲಿ 20–7 ಮತಗಳಿಂದ ಒಪ್ಪಿತು. ಮರುವರ್ಷ ಸಂಸತ್ತು 159–3ರಿಂದ. ಅಣುಸ್ಥಾವರ ಅದಾಗಲೇ ಆ ಊರಿನದೇ ದ್ವೀಪದಲ್ಲಿತ್ತು, ತೆರಿಗೆಯ ವರಮಾನವೂ ಬರುತ್ತಿತ್ತು ಎನ್ನುವುದನ್ನೂ ಮರೆಯಬಾರದು. ನಮ್ಮಲ್ಲಿ 2012ರಲ್ಲಿ ಅಣು ತ್ಯಾಜ್ಯ ಹೂಳುವ ಜಾಗವಾಗಿ ಕೋಲಾರದ ಚಿನ್ನದ ಗಣಿಯ ಹೆಸರು ಸುಪ್ರೀಂ ಕೋರ್ಟಿನಲ್ಲಿ ಕೇಳಿಬಂದಾಗ ಕೆಜಿಎಫ್‌ನ ಜನ ಬೀದಿಗಿಳಿದಿದ್ದರು. ಸರ್ಕಾರ ಅಂಥ ಯೋಜನೆಯೇ ಇಲ್ಲವೆಂದಿತು.

ಇನ್ನು ಅಗೆತ. 2004ರಲ್ಲಿ ಆರಂಭವಾದ ಸುರಂಗದ ಹೆಸರು ಒಂಕಾಲೊ, ಎಂದರೆ ಪೊಟರೆ. ಸುಮಾರು 430 ಮೀಟರ್ ಆಳ, 190 ಕೋಟಿ ವರ್ಷ ಹಳೆಯ ಬಂಡೆ. ಕೊಳದಲ್ಲಿ ದಶಕಗಳ ಕಾಲ ತಣಿದ ಇಂಧನದ ಕಂತೆಗಳನ್ನು ಎರಕದ ಕಬ್ಬಿಣದ ಅಚ್ಚಿಗೆ ಇಳಿಸಿ, ಮೇಲೆ ಐದು ಸೆಂಟಿಮೀಟರ್ ದಪ್ಪದ ತಾಮ್ರದ ಹೊದಿಕೆ ಹಾಕಿ ಬೆಸೆಯುತ್ತಾರೆ. ಆ ಡಬ್ಬಿಯನ್ನು ಬಂಡೆಯ ಕುಳಿಗೆ ಇಳಿಸಿ ಸುತ್ತ ಬೆಂಟೊನೈಟ್ ಜೇಡಿಯನ್ನು ಗಿಡಿಯುತ್ತಾರೆ. ನಮ್ಮ ಬಯಲುಸೀಮೆಯ ಎರೆಮಣ್ಣಿನ ದಾಯಾದಿ ಇದು: ನೀರು ತಾಗಿದರೆ ಉಬ್ಬಿ ಬಿರುಕು ಮುಚ್ಚುತ್ತದೆ. ತಾಮ್ರ ಅಷ್ಟು ಕಾಲ ತಾಳುವುದೇ ಎಂದು ಸ್ವೀಡನ್ನಿನ ಕೆಲವು ವಿಜ್ಞಾನಿಗಳು ತಕರಾರು ಎತ್ತಿದ್ದಾರೆ. ಅದು ತಳ್ಳಿಹಾಕುವಂಥ ಮಾತಲ್ಲ.

2024ರಲ್ಲಿ ಇಂಧನವಿಲ್ಲದ ಡಬ್ಬಿಗಳೊಂದಿಗೆ ತಾಲೀಮು ಶುರುವಾಯಿತು. ತುಂಬಿದ ಸುರಂಗಗಳನ್ನು ಒಂದೊಂದಾಗಿ ಮುಚ್ಚುತ್ತ ಸುಮಾರು ನೂರು ವರ್ಷಕ್ಕೆ ಬಾಯಿಗೂ ಬಿರಡೆ ಬೀಳಬೇಕು. ಅಲ್ಲಿಯವರೆಗೆ ಹೊಣೆ ಕಂಪನಿಯದು. ಮುಚ್ಚಿದ್ದು ಸರಿಯಾಗಿದೆ ಎಂದು ಅಧಿಕಾರಿಗಳು ಒಪ್ಪಿದ ದಿನದಿಂದ, ಕಾನೂನಿನ ಪ್ರಕಾರ, ಸರ್ಕಾರದ್ದು.