ಒನ್ ಆನ್ ಒನ್‌ನಲ್ಲಿ ಮ್ಯಾನೇಜರ್ ಕಮ್ಮಿ ಮಾತಾಡಬೇಕು
ನಾನು ಮ್ಯಾನೇಜರ್ ಆದ ಮೊದಲ ವರ್ಷ ನನ್ನ ಒನ್ ಆನ್ ಒನ್‌ಗಳೆಲ್ಲ, ಅಂದರೆ ಟೀಮಿನ ಒಬ್ಬೊಬ್ಬರ ಜೊತೆ ಕೂತು ಮಾತಾಡುವ ಮೀಟಿಂಗ್‌ಗಳೆಲ್ಲ, ಹೀಗಿರುತ್ತಿದ್ದವು. "ಆ ಟಿಕೆಟ್ ಎಲ್ಲಿಗೆ ಬಂತಪ್ಪಾ?" (ಟಿಕೆಟ್ ಅಂದರೆ ಒಬ್ಬರಿಗೆ ವಹಿಸಿದ ಕೆಲಸ.) "ನಾಳೆ ಮುಗಿಯುತ್ತೆ ಸರ್." "ಬೇರೆ ಏನಾದ್ರೂ?" "ಏನಿಲ್ಲ ಸರ್, ಎಲ್ಲಾ ಓಕೆ." ಹತ್ತೇ ನಿಮಿಷ, ಇಬ್ಬರಿಗೂ ಖುಷಿ. ಹಾಗೆ ಎಲ್ಲಾ ಓಕೆ ಅನ್ನುತ್ತಿದ್ದ ಹುಡುಗ ಒಂದು ಸೋಮವಾರ ರಾಜೀನಾಮೆ ಕೊಟ್ಟ. ಯಾಕೆ ಅಂತ ಕೇಳಿದರೆ, ಅಮೆರಿಕದವರ ಜೊತೆಗಿನ ರಾತ್ರಿ ಹತ್ತೂವರೆ ಕಾಲ್ ಎಂಟು ತಿಂಗಳಿಂದ ಅವನೊಬ್ಬನ ತಲೆಗೇ ಕಟ್ಟಿದ್ದೆವು, ಮನೆಯಲ್ಲಿ ಚಿಕ್ಕ ಮಗು ಬೇರೆ. ವಾರಕ್ಕೊಬ್ಬರಂತೆ ಸರದಿ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಅವನು ಹೇಳಲಿಲ್ಲ, ನಿಜ. ನಾನು ಹೇಳೋಕೆ ಬಿಟ್ಟಿದ್ದೆನಾ?

ಹಾಗಾಗಿ ಟಿಕೆಟ್ ಮಾತೆಲ್ಲ ದಿನದ ಚಿಕ್ಕ ಸ್ಟ್ಯಾಂಡಪ್ ಮೀಟಿಂಗ್‌ಗೆ, ಕೆಲಸದ ಲೆಕ್ಕ ಇಡುವ ಜಿರಾ ಸಾಫ್ಟ್‌ವೇರ್‌ಗೆ ಬಿಡಿ. ಈ ಅರ್ಧ ಗಂಟೆ ಅವರದ್ದು. ಎರಡು ವಾರಕ್ಕೊಮ್ಮೆ 30 ನಿಮಿಷ ಸಾಕು, ಹೊಸಬರಿಗೆ ಮೊದಲ ಮೂರು ತಿಂಗಳು ವಾರ ವಾರ ಇಡಿ. ಕ್ಲೈಂಟ್ ಕಾಲ್ ಅಡ್ಡ ಬಂದರೆ ಅದೇ ವಾರ ಬೇರೆ ಹೊತ್ತಿಗೆ ತಳ್ಳಿ, ಕ್ಯಾನ್ಸಲ್ ಮಾತ್ರ ಮಾಡಬೇಡಿ.

"ಕೆಲಸ ಹೇಗಿದೆ?" ಅಂದರೆ "ಚೆನ್ನಾಗಿದೆ ಸರ್" ಅಂತಲೇ ಬರುತ್ತದೆ. ನಾವೂ ನಮ್ಮ ಬಾಸ್‌ಗೆ ಅದನ್ನೇ ಹೇಳುತ್ತೇವೆ, ಅಲ್ವಾ? ಸ್ವಲ್ಪ ಬಿಡಿಸಿ ಕೇಳಿ: ಈ ಎರಡು ವಾರದಲ್ಲಿ ಯಾವ ದಿನ ಜಾಸ್ತಿ ತಲೆ ಕೆಟ್ಟಿತ್ತು? ನಾನು ಏನು ಮಾಡೋದನ್ನ ನಿಲ್ಲಿಸಿದರೆ ನಿಮಗೆ ಅನುಕೂಲ? ಕೇಳಿದ ಮೇಲೆ ಸುಮ್ನಿರಿ. ಮನಸ್ಸಲ್ಲೇ ಹತ್ತು ಎಣಿಸಿ. ನನಗಂತೂ ಇದೇ ಕಷ್ಟ, ನಾಲ್ಕಕ್ಕೇ ಬಾಯಿ ಹಾಕಿಬಿಡುತ್ತೇನೆ.

ಮೀಟಿಂಗ್ ರೂಮಿನಲ್ಲಿ ಎದುರುಬದುರು ಕೂತು ಬಾಸ್ ಬಗ್ಗೆ ಬಾಸ್‌ಗೇ ದೂರು ಹೇಳುವುದು ನಮ್ಮಲ್ಲಿ ಸುಲಭವಲ್ಲ. ಗೇಟಿನಾಚೆಯ ಟೀ ಅಂಗಡಿಯವರೆಗೆ ನಡೆದುಕೊಂಡು ಹೋಗಿ, ಮುಖ ನೋಡದೆ ಪಕ್ಕಪಕ್ಕ ನಡೆಯುವಾಗ ಮಾತು ತಾನಾಗಿ ಬರುತ್ತದೆ. ಕನ್ನಡದವರಾದರೆ ಕನ್ನಡದಲ್ಲೇ ಮಾತಾಡಿ. "ಐ ಆಮ್ ಮ್ಯಾನೇಜಿಂಗ್" ಅಂತಿದ್ದ ಹುಬ್ಬಳ್ಳಿ ಹುಡುಗಿ, ನಾನು ಕನ್ನಡಕ್ಕೆ ಇಳಿದ ದಿನ "ಭಾಳ ತ್ರಾಸ್ ಆಗೇತ್ರಿ ಸರ್" ಅಂದಳು. ಆಮೇಲೆ ನಲವತ್ತು ನಿಮಿಷ ಅವಳೇ ಮಾತಾಡಿದಳು.

ಹೈಕ್, ಅಂದರೆ ಸಂಬಳ ಏರಿಕೆ, ಕೇಳಿದರೆ "ನೋಡೋಣ" ಅನ್ನಬೇಡಿ. ಅದನ್ನು ಅವರು "ಆಯ್ತು" ಅಂತಲೇ ಕೇಳಿಸಿಕೊಳ್ಳುತ್ತಾರೆ. ನಿಮ್ಮ ಕೈಲಿ ಎಷ್ಟಿದೆಯೋ ಅಷ್ಟನ್ನು ಮಾತ್ರ ಹೇಳಿ. ಕೆಲಸ ಸರಿಯಾಗಿಲ್ಲ ಅನ್ನುವುದನ್ನೂ ಅವತ್ತಿಗವತ್ತೇ ಹೇಳಿ, ಅಪ್ರೈಸಲ್‌ (ಕೆಲಸದ ಮೌಲ್ಯಮಾಪನ) ಬರುವವರೆಗೆ ಕಟ್ಟಿಟ್ಟುಕೊಳ್ಳಬೇಡಿ.

ಎದ್ದು ಹೋಗುವ ಮೊದಲು ನೀವು ಒಪ್ಪಿಕೊಂಡದ್ದನ್ನು ಇಬ್ಬರಿಗೂ ಕಾಣುವ ಡಾಕ್ಯುಮೆಂಟ್‌ನಲ್ಲಿ ಒಂದು ಸಾಲು ಬರೆಯಿರಿ, ಮುಂದಿನ ಸಲ ಅಲ್ಲಿಂದಲೇ ಶುರು ಮಾಡಿ. ಮನೆ, ಆರೋಗ್ಯದ ಮಾತು ಆ ಡಾಕ್ಯುಮೆಂಟ್‌ನಲ್ಲಿ ಬೇಡ.

ಮೊದಲ ಮೂರ್ನಾಲ್ಕು ಸಲ "ಎಲ್ಲಾ ಓಕೆ ಸರ್" ಬಿಟ್ಟು ಏನೂ ಸಿಗುವುದಿಲ್ಲ. ಆಗ ಟೈಮ್ ವೇಸ್ಟ್ ಅಂತ ಜಿರಾ ತೆರೆಯಬೇಡಿ, ಟೀ ಕುಡಿದು ಬನ್ನಿ.