ಕೀ ತಿರುಗಿಸಿದರೆ ಕಾರು ಪೂರ್ತಿ ಡೆಡ್ಡಾ? ಹೊಸ ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಕಪ್ಪು ವೈರ್ ನೋಡಿ

ಕೀ ತಿರುಗಿಸಿದರೆ ಒಂದು 'ಟಕ್', ಅಷ್ಟೇ. ಡ್ಯಾಶ್‌ಬೋರ್ಡ್ ದೀಪಗಳೂ ಆರಿಹೋಗುತ್ತವೆ, ಸ್ವಲ್ಪ ಹೊತ್ತು ಬಿಟ್ಟರೆ ತಾವಾಗಿಯೇ ವಾಪಸ್ ಬರುತ್ತವೆ. ಹಳೆ ಕಾರುಗಳಲ್ಲಿ ಇದು ಮಾಮೂಲಿ ಕಾಯಿಲೆ, ಅದರಲ್ಲೂ ಕರಾವಳಿ, ಮಲೆನಾಡಿನ ತೇವದಲ್ಲಿ ಓಡಿದ ಕಾರಾದರೆ ಇನ್ನೂ ಜಾಸ್ತಿ. ನಾನು ಬ್ಯಾಟರಿ ಸತ್ತಿದೆ ಅಂತಲೇ ತಿಳಿದು ಹೊಸದು ಹಾಕಿಸಿದ್ದೆ. ಮೂರನೇ ದಿನ ಮಳೆಯಲ್ಲಿ, ಮನೆಮಂದಿಯೆಲ್ಲ ಕಾರಲ್ಲಿರುವಾಗ, ಮತ್ತೆ ಅದೇ ಕಥೆ. ಕೊನೆಗೆ ನೋಡಿದರೆ ಬ್ಯಾಟರಿಯಿಂದ ಇಂಜಿನ್‌ಗೆ ಹೋಗುವ ಕಪ್ಪು ಅರ್ತ್ ವೈರಿನ (ಕರೆಂಟ್ ಬ್ಯಾಟರಿಗೆ ವಾಪಸ್ ಬರುವ ದಾರಿ) ತುದಿ ಒಳಗೇ ಹಸಿರುಗಟ್ಟಿ ಸವೆದುಹೋಗಿತ್ತು.

ಒಂದು ಸಾದಾ ಮಲ್ಟಿಮೀಟರ್ ತೊಗೊಳ್ಳಿ, 20 ವೋಲ್ಟ್ ಡಿಸಿಗೆ ಇಡಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಮೀಟರಿನ ಕಡ್ಡಿಗಳನ್ನು ವೈರಿನ ತುದಿಯ ಕ್ಲ್ಯಾಂಪಿನ ಮೇಲಲ್ಲ, ಬ್ಯಾಟರಿಯ ಸೀಸದ ಗೂಟದ ಮೇಲೆಯೇ ಒತ್ತಿ. ಪೂರ್ತಿ ಚಾರ್ಜ್ ಇದ್ದರೆ ಸುಮಾರು 12.6 ಬರಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ. ಈಗ ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ರೀಡಿಂಗ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯದೇ ದೋಷ ಇರಬಹುದು. ಆದರೆ ಒಳಗೆ ದೀಪಗಳೆಲ್ಲ ಆರಿದರೂ ಮೀಟರ್ ಮಾತ್ರ 12.6ರಿಂದ ಕದಲದೇ ನಿಂತಿದೆ ಅಂದರೆ, ಬ್ಯಾಟರಿಯಲ್ಲಿ ಕರೆಂಟ್ ಇದೆ, ಹೋಗೋಕೆ ದಾರಿ ಇಲ್ಲ ಅಂತ ಅರ್ಥ.

ಆ ದಾರಿಯಲ್ಲಿ ಮೊದಲು ಸಿಗುವುದು ಟರ್ಮಿನಲ್, ಅಂದರೆ ಗೂಟಕ್ಕೆ ಕ್ಲ್ಯಾಂಪ್ ಕೂರುವ ಜಾಗ. ಕೈಯಲ್ಲಿ ತಿರುವಿದರೆ ಅಲುಗಾಡಲೇಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ, ಇಲ್ಲದಿದ್ದರೆ ಪ್ಲಸ್ ಮೇಲಿರುವ ಸ್ಪ್ಯಾನರ್ ಬಾಡಿಗೆ ತಗುಲಿ ದೊಡ್ಡ ಕಿಡಿ ಹಾರುತ್ತದೆ. ಬಿಳಿ, ಹಸಿರು ಪುಡಿ ಇದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೆ ಬ್ರಷ್‌ನಲ್ಲಿ ಉಜ್ಜಿ, ಮೈ ಮಿಂಚುವ ತನಕ ಎಮರಿ ಪೇಪರ್ ತಿಕ್ಕಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗದಂತೆ ಜೋಪಾನ.

ಇನ್ನು ಅರ್ತ್. ಕೆಂಪು ಕಡ್ಡಿ ಇಂಜಿನ್ನಿನ ಬರಿ ಲೋಹಕ್ಕೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಗೂಟಕ್ಕೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಒಳ್ಳೆಯದು, 0.5 ದಾಟಿದರೆ ವೈರ್ ಅಥವಾ ಅದರ ಬೋಲ್ಟ್ ಕೆಟ್ಟಿದೆ. ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲ್ಲಿನ ಒಂದು ತುದಿ ಮೈನಸ್‌ಗೆ, ಇನ್ನೊಂದು ತುದಿ ಇಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿ ನೋಡಿ. ತಕ್ಷಣ ಸ್ಟಾರ್ಟ್ ಆಯ್ತಾ? ಹಾಗಾದರೆ ಕಳ್ಳ ಆ ಕಪ್ಪು ವೈರೇ.

ಇಷ್ಟೆಲ್ಲ ಸರಿ ಇದ್ದರೆ ಮೇನ್ ಫ್ಯೂಸ್, ಆಮೇಲೆ ಇಗ್ನಿಷನ್ ಸ್ವಿಚ್. ಫ್ಯೂಸ್ ಸುಟ್ಟಿದ್ದರೆ ಅದೇ ಆಂಪಿಯರಿನದು ಹಾಕಿ. ವೈರ್ ತುಂಡು ಸುತ್ತಿ ಓಡಿಸಬೇಡಿ, ಬೆಂಕಿ ಹತ್ತುತ್ತದೆ.

ಕಾರು ಸ್ಟಾರ್ಟ್ ಆದ ಮೇಲೆ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಬಂದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಚೆನ್ನಾಗಿದೆ. ಅದನ್ನು ಪರೀಕ್ಷಿಸೋಕೆ ಅಂತ ಓಡುವ ಇಂಜಿನ್ನಿನಲ್ಲಿ ಟರ್ಮಿನಲ್ ಕಿತ್ತು ನೋಡುವವರಿದ್ದಾರೆ, ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ, ಒಮ್ಮೆಲೇ ವೋಲ್ಟೇಜ್ ಏರಿ ಕಾರಿನ ಕಂಪ್ಯೂಟರ್ (ಇಸಿಯು) ಸುಟ್ಟುಹೋಗಬಹುದು.