ಚಾರ್ಜ್‌ಬ್ಯಾಕ್ ಸೂಚನೆ ಬಂದಾಗ ಮಾರಾಟಗಾರರು ಮಾಡಬೇಕಾದದ್ದು

ಬೆಂಗಳೂರಿನ ಚಿಕ್ಕಪೇಟೆಯಿಂದ ಆನ್‌ಲೈನಿನಲ್ಲಿ ಸೀರೆ ಮಾರುವವರಿಗೆ, ಗ್ರಾಹಕರು ತಮ್ಮ ಕಾರ್ಡಿನ ಬ್ಯಾಂಕಿಗೆ ದೂರಿತ್ತು ಹಣ ವಾಪಸು ಕೇಳಿದ್ದಾರೆಂಬ ಸೂಚನೆ (ಚಾರ್ಜ್‌ಬ್ಯಾಕ್) ಬಂದರೆ, ಮೊದಲು ನೋಡಬೇಕಾದದ್ದು ಉತ್ತರಿಸಲು ಕೊಟ್ಟಿರುವ ಕೊನೆಯ ದಿನಾಂಕವನ್ನು. ಅದು ದಾಟಿದರೆ ಎಷ್ಟೇ ಗಟ್ಟಿ ದಾಖಲೆಯಿದ್ದರೂ ಸಾಮಾನ್ಯವಾಗಿ ಹಣ ಕೈಬಿಟ್ಟಂತೆಯೇ. ಅನಂತರ ದೂರಿನ ಕಾರಣವನ್ನು ಓದಿ, ಅದಕ್ಕೆ ಹೊಂದುವ ಪುರಾವೆಯನ್ನಷ್ಟೇ ಕಳುಹಿಸಬೇಕು. ಸರಕು ತಲುಪಿಲ್ಲವೆಂಬ ದೂರಿಗೆ ಬಿಲ್ಲು, ಕೊರಿಯರ್ ಟ್ರ್ಯಾಕಿಂಗ್ ಸಂಖ್ಯೆ, ಪಡೆದವರ ಸಹಿ ಅಥವಾ ಒಟಿಪಿ ದಾಖಲೆ ಬೇಕು. ಬಣ್ಣ ಬೇರೆಯಿತ್ತೆಂಬ ದೂರಿಗೆ ಇವು ಸಾಕಾಗವು; ಮಾರಾಟಕ್ಕೆ ಹಾಕಿದ್ದ ಚಿತ್ರದ ಜೊತೆಗೆ, ಪ್ಯಾಕ್ ಮಾಡುವಾಗ ಸೆರಗು, ಅಂಚು ಕಾಣುವಂತೆ ತೆಗೆದ ವಿಡಿಯೊ ನೆರವಾಗುತ್ತದೆ. ಸಿಟ್ಟಿನಲ್ಲಿ ಬರೆದ ಪುಟಗಟ್ಟಲೆ ವಿವರಣೆಯನ್ನು ಬ್ಯಾಂಕಿನವರು ಓದುತ್ತಾರೆಂದು ನನಗನ್ನಿಸದು. ವಿವಾದ ನಡೆಯುತ್ತಿರುವಾಗ ಪ್ರತ್ಯೇಕವಾಗಿ ರೀಫಂಡ್ ಮಾಡಬೇಡಿ, ಹಣ ಎರಡು ಬಾರಿ ಹೋಗಬಹುದು. ಮೊದಲೇ ಮಾಡಿದ್ದರೆ ಅದರ ಉಲ್ಲೇಖ ಸಂಖ್ಯೆಯನ್ನೇ ಪುರಾವೆಯಾಗಿ ಲಗತ್ತಿಸಿ.